ಅತ್ತೆಯ ಸಕ್ಕರೆ, ಸೊಸೆಯ ರಕ್ತ

ನಾರಿನ್, ಫೆಬ್ರವರಿ ೧೧

ಚಿಕ್ಕಮ್ಮ,

ಇಲ್ಲಿಯ ಚಳಿ ನನ್ನನ್ನಿನ್ನೂ ನುಂಗಿಲ್ಲ, ಕೆಮ್ಮೂ ಹೋಯಿತು. ವಿಶ್ವವಿದ್ಯಾಲಯದವರು ಸಕ್ಕರೆ ಕಾಯಿಲೆಯ ಹೊಸ ಮಾತ್ರೆಯನ್ನು ರೋಗಿಗಳ ಮೇಲೆ ಪರೀಕ್ಷಿಸುತ್ತಿದ್ದಾರೆ. ದಾಖಲೆಗಳೆಲ್ಲ ನನ್ನ ಪಾಲು. ಮಾತ್ರೆಯೋ ಪವಾಡ! ಎಪ್ಪತ್ತರ ಸಬೀರಾ ಅಜ್ಜಿಯ ಸಕ್ಕರೆ ಒಂದೇ ತಿಂಗಳಲ್ಲಿ ಇಪ್ಪತ್ತರ ಹುಡುಗಿಯದಷ್ಟಾಯಿತು. ನಮ್ಮ ಪ್ರೊಫೆಸರು ಸಂತೋಷಕ್ಕೆ ಎಲ್ಲರಿಗೂ ಚಹಾ ಕುಡಿಸಿದರು.

ನಿನ್ನೆ ನರ್ಸ್ ಬರಲಿಲ್ಲವೆಂದು ರಕ್ತ ತೆಗೆಯುವ ಕೋಣೆಗೆ ನಾನೇ ಹೋದೆ. ಅಜ್ಜಿಯ ಹೆಸರು ಕೂಗಿದರೆ ತೋಳು ಚಾಚಿದವಳು ಸೊಸೆ ನುರ್ಜಾತ್.

"ಅತ್ತೆ ಎಲ್ಲಿ ಅಮ್ಮಾ?"

"ಈ ಚಳೀಲಿ ಅವರನ್ನ ಕಳಿಸಿದ್ರೆ ಊರೋರು ನನಗೆ ಉಗೀತಾರೆ ಅಕ್ಕಾ. ನೀರು ಹೊರೋದು ನಾನೇ, ಸೌದೆ ಒಡೆಯೋದು ನಾನೇ. ರಕ್ತ ಏನು ಮಹಾ? ಪಾಪ, ಅವರ ಕಾಲ್ಬೆರಳು ಬೇರೆ ಕಪ್ಪಾಗಿದೆ."

ಹೆಣ್ಣಿನ ಹಕ್ಕಿನ ಬಗ್ಗೆ ನಾನು ಓದಿದ ಯಾವ ಕರಪತ್ರದಲ್ಲೂ ಇದಕ್ಕೆ ಉತ್ತರವಿರಲಿಲ್ಲ. ಪ್ರೊಫೆಸರ ಬಳಿ ಇತ್ತು: "ಇಷ್ಟು ಚಂದದ ಅಂಕಿ ಕೆಡಿಸ್ಬೇಡಮ್ಮ, ಮುಂದಿನ ಸಲ ನೋಡ್ಕೊಳ್ಳೋಣ."

ನಾನು ಕೆಡಿಸಿದೆ. ನಡೆದದ್ದನ್ನೆಲ್ಲ ಬರೆದು ಪರೀಕ್ಷೆಯ ಮೇಲ್ವಿಚಾರಣೆ ನೋಡುವ ಸಮಿತಿಗೆ ಕಳಿಸಿ, ಅಜ್ಜಿಯನ್ನು ಆಸ್ಪತ್ರೆಗೆ ಸೇರಿಸಿದೆ. ಬೆರಳು ಉಳಿಯುತ್ತದೆ ಎಂದರು ಡಾಕ್ಟರು. ನನ್ನ ಕೆಲಸ ಉಳಿಯುತ್ತದೆ ಎಂದು ಇನ್ನೂ ಯಾರೂ ಹೇಳಿಲ್ಲ.

ಜಿಲ್ದಿಜ್