ಪಾದರಸದ ಕಾಲುವೆ, ಅಜ್ಜಿಯ ಮೊಳೆ

ಬೊಂಬಾಯಿ, ೧೨-೨-೧೯೭೧

ಅಜ್ಜೀ, ನಿನ್ನ ಬೈಲಪ್ಪ ಗಟ್ಟಿಮುಟ್ಟಾಗಿದ್ದಾನೆ. ಮುದ್ದೆ ಮಾತ್ರ ಸಿಗದು. ನಮ್ಮ ಲ್ಯಾಬಿನಲ್ಲಿ ಪಾದರಸದ ಕಾಲುವೆಯಿದೆ. ನಮ್ಮ ಹೊಸಕೋಟೆ ಕೆರೆಯ ಕೋಡಿ ನೀರಿನಂತೆ ಸುಳಿಸುಳಿಯಾಗಿ ಹರಿಯುತ್ತದೆ. ಪಕ್ಕದ ದೊಡ್ಡ ಅಯಸ್ಕಾಂತಕ್ಕೆ ಕರೆಂಟು ಕೊಟ್ಟರೆ, ಯಾರೂ ಮುಟ್ಟದೆಯೇ ಸುಳಿಗಳೆಲ್ಲ ಅಡಗಿ ಎಣ್ಣೆಯಂತೆ ನುಣ್ಣಗೆ ಸಾಗುತ್ತದೆ. ಹೋದ ವಾರ ಅದನ್ನು ನೋಡಲು ಬಗ್ಗಿದೆ. ದೆವ್ವ ಸೋಕದಿರಲೆಂದು ನೀನು ಉಡುದಾರಕ್ಕೆ ಕಟ್ಟಿದ ಲಾಳದ ಮೊಳೆ ನನ್ನನ್ನೇ ಎಳೆದುಕೊಂಡು ಹೋಗಿ ಅಯಸ್ಕಾಂತಕ್ಕೆ ಅಂಟಿತು! ಕರೆಂಟು ತೆಗೆದು ಬಿಡಿಸಿದರು. ಪಾದರಸಕ್ಕೆ ಮತ್ತೆ ಸುಳಿ ಬಂತು. ಕೆಲಸ ಹೋಯಿತೆಂದುಕೊಂಡೆ. ಕೋಲಾರ ಕಡೆಯ ನಮ್ಮ ಸಾಹೇಬರು ನಕ್ಕುಬಿಟ್ಟರು. ಈಗ ಸ್ವಿಚ್ ಹಾಕುವ ಮುಂಚೆ ಎಲ್ಲರನ್ನೂ ಕೇಳುತ್ತಾರೆ: "ಅಜ್ಜಿ ಕಟ್ಟಿರೋದು ಏನಾದ್ರೂ ಇದೆಯೇನ್ರಪ್ಪಾ?"

ತಾಮ್ರವಾದರೆ ಅಯಸ್ಕಾಂತ ಎಳೆಯುವುದಿಲ್ಲ. ದೆವ್ವ ತಾಮ್ರಕ್ಕೂ ಹೆದರುತ್ತದೆಯೇ, ಬೇಗ ಬರೆಸು.

ಬೈಲಪ್ಪ