ಕೆಂಪು ಚಿಂದಿ ಬಿಚ್ಚಿಸಿದ ಸಾಹೇಬರಿಗೆ

ನಿಂಬೆ ಬೆಳೆಗಾರರ ಸಹಕಾರ ಸಂಘದ ಮಾನ್ಯ ವ್ಯವಸ್ಥಾಪಕರೇ,

ಮೊದಲು ಕಾಲ ಮೇಲೆ ಹಾಕಿದ ಆ ಕಾಲು ಇಳಿಸಿ. ಹಿರಿಯ ಹೆಂಗಸು ಮಾತಾಡುತ್ತಿದ್ದಾಳೆ. ಪತ್ರಿಕೆಯಲ್ಲಿ ಈ ಪತ್ರ ಓದುತ್ತ ಚಹಾ ಕುಡಿಯುತ್ತಿರುವ ಉಳಿದವರೂ ನಗುವ ಅವಸರ ಮಾಡಬೇಡಿ. ನಿಮ್ಮ ಅಂಗಡಿ, ಕಚೇರಿಗಳಲ್ಲೂ ದಡ್ಡರೆಂದು ಹೆಸರಿಟ್ಟು ಮೂಲೆಗೆ ಕೂರಿಸಿದವರು ಒಬ್ಬರಾದರೂ ಇದ್ದಾರೆ. ಈ ಸಾಹೇಬರು ನನ್ನ ಮೊಮ್ಮಗಳು ಮುಬೀನಾಳನ್ನು ಹಾಗೆ ಕೂರಿಸಿದ್ದಾರೆ. ಸಾಲದ್ದಕ್ಕೆ ಬರುವ ತಿಂಗಳು ಹುಟ್ಟುತ್ತಲೇ ಕೆಲಸಗಾರರಿಗೆಲ್ಲ ಓದುವ ಪರೀಕ್ಷೆಯಂತೆ, ಫೇಲಾದವರಿಗೆ ಕೆಲಸವಿಲ್ಲವಂತೆ. ಮುಬೀನಾ ಫೇಲಾಗುತ್ತಾಳೆ. ಅದು ಅವಳಿಗೆ ಗೊತ್ತು, ನನಗೆ ಗೊತ್ತು, ಪರೀಕ್ಷೆ ಇಟ್ಟವರಿಗಂತೂ ಚೆನ್ನಾಗಿ ಗೊತ್ತು.

ಮುಬೀನಾ ಇಂಡಿ ಪಟ್ಟಣದ ನಿಮ್ಮ ಗೋದಾಮಿನಲ್ಲಿ ನಿಂಬೆಹಣ್ಣು ಆರಿಸಿ, ಚೀಲ ತುಂಬಿಸಿ, ಲಾರಿಗೆ ಏರಿಸುವ ಕೆಲಸದವಳು. ಕಾಗದದ ಮೇಲಿನ ಅಕ್ಷರ ಅವಳ ಕಣ್ಣಿಗೆ ನೆಟ್ಟಗೆ ನಿಲ್ಲುವುದಿಲ್ಲ. ಒಂದೇ ಕಡೆ ಕೂತರೆ ಗಮನ ಎಲ್ಲೋ ಹೊರಟುಹೋಗುತ್ತದೆ. ಮಾಸ್ತರರು ಹೊಡೆದು ನೋಡಿದರು, ಅಕ್ಷರ ಹೆದರಲಿಲ್ಲ, ಹುಡುಗಿ ಹೆದರಿದಳು. ಕಡೆಗೆ ವಿಜಯಪುರದ ಡಾಕ್ಟರಮ್ಮ ಪರೀಕ್ಷಿಸಿ ಹೇಳಿದಳು: "ಬುದ್ಧಿ ಏನೂ ಕಮ್ಮಿ ಇಲ್ರಿ ಅಮ್ಮಾ. ಅಕಿ ಕಲಿಯೂ ದಾರಿ ಬ್ಯಾರೆ ಐತಿ, ಅಷ್ಟ."

ಆ ಬೇರೆ ದಾರಿ ನಮ್ಮಲ್ಲಿ ಮೊದಲೇ ಇತ್ತು ಸಾಹೇಬರೇ. ಮುಂಬೈಗೆ ಹೋಗುವ ಗಟ್ಟಿ ಹಸಿರು ಕಾಯಿಯ ಚೀಲದ ಬಾಯಿಗೆ ಕೆಂಪು ಚಿಂದಿ, ಇಲ್ಲೇ ಸೋಲಾಪುರಕ್ಕೆ ಹೋಗುವ ಮಾಗಿದ ಹಣ್ಣಿಗೆ ಬಿಳಿ ಚಿಂದಿ. ಹರಿದ ಸೀರೆಯೋ ಹಳೆಯ ಲುಂಗಿಯೋ, ಯಾರ ಮನೆಯದಾದರೂ ಆದೀತು. ಚಿಂದಿ ನೋಡಿ ಹಮಾಲರು ಎತ್ತುತ್ತಿದ್ದರು, ಮುಬೀನಾ ರಾಶಿಗಳ ನಡುವೆ ತಿರುಗಾಡುತ್ತ ಎತ್ತಿಸುತ್ತಿದ್ದಳು. ನೀವು ಬಂದಿರಿ. ಚಿಂದಿ ಅಸಹ್ಯ ಎಂದು ಬಿಚ್ಚಿಸಿ ಇರುವೆ ಸಾಲಿನಂಥ ಅಕ್ಷರದ ಚೀಟಿ ಅಂಟಿಸಿದಿರಿ. ತಿರುಗಾಡುವುದು ಅಶಿಸ್ತು ಎಂದು ಅವಳಿಗೊಂದು ಸ್ಟೂಲು ದಯಪಾಲಿಸಿದಿರಿ. ಆಮೇಲೆ ಮಾಗಿದ ಹಣ್ಣು ಮುಂಬೈ ಲಾರಿ ಏರಿ ದಾರಿಯಲ್ಲೇ ಕೊಳೆಯಿತು. ಚೀಟಿ ತಪ್ಪಾಗಿ ಓದಿದವಳು ಅವಳೇ, ಮುಚ್ಚಿಡುವುದಿಲ್ಲ. ಆದರೆ ಕುಂಟನ ಕೋಲು ಕಿತ್ತುಕೊಂಡು ಏಕೆ ಬಿದ್ದೆ ಎಂದು ಕೇಳುವವರಿಗೆ ನಮ್ಮ ಊರಲ್ಲಿ ಒಂದು ಹೆಸರಿದೆ. ಪತ್ರಿಕೆಯವರು ಅದನ್ನು ಅಚ್ಚು ಹಾಕಲಿಕ್ಕಿಲ್ಲ.

ಮರುದಿನ ನೀವು ಎಲ್ಲರನ್ನೂ ಸೇರಿಸಿ, ಅವಳ ಕೈಗೆ ನೋಟಿಸು ಕೊಟ್ಟು ಗಟ್ಟಿಯಾಗಿ ಓದಲು ಹೇಳಿದಿರಿ. ಎರಡನೆಯ ಸಾಲಿನಲ್ಲಿ ಅವಳು ನಿಂತುಬಿಟ್ಟಳು. ಆಗ ನೀವು ಆಡಿದ ಮಾತನ್ನು ಹಮಾಲ ಇಬ್ರಾಹಿಂಸಾಬ ನನಗೆ ತಂದು ಮುಟ್ಟಿಸಿದ: "ಹತ್ತನೇ ಇಯತ್ತೆ ಪಾಸಾಗಿ ಬಂದಿ ಏನ, ಕಾಪಿ ಹೊಡದ ಬಂದಿ?" ಎಲ್ಲರೂ ನಕ್ಕರಂತೆ. ಅವನೂ ನಕ್ಕನಂತೆ, ಆಮೇಲೆ ನಾಚಿಕೆಯಾಯಿತಂತೆ. ನಾನು ಅವನಿಗೆ ಚಹಾ ಕೊಡಲಿಲ್ಲ. ಮುಬೀನಾ ಮನೆಗೆ ಬಂದು ರೊಟ್ಟಿ ಮುಟ್ಟಲಿಲ್ಲ. "ದಾದಿಮಾ, ನಾ ಖರೇನ ದಡ್ಡಿ ಏನ?" ಎಂದು ಕೇಳಿದಳು. ಡಾಕ್ಟರಮ್ಮನ ಚೀಟಿ ಹಿಡಿದು ನಾನೇ ನಿಮ್ಮ ಬಾಗಿಲಿಗೆ ಬಂದೆ. ಇದು ಗೋದಾಮು, ದವಾಖಾನೆಯಲ್ಲ ಎಂದು ತಿರುಗಿ ಕಳಿಸಿದಿರಿ.

ಸರಿ, ಗೋದಾಮಿನ ಮಾತೇ ಆಡೋಣ. ನಿಮಗೆ ಮೋಟಾರು ನಡೆಸಲು ಬರುವುದಿಲ್ಲವೆಂದು ಸಂಘ ನಿಮಗೊಬ್ಬ ಡ್ರೈವರನನ್ನು ಕೊಟ್ಟಿದೆ. ತಪ್ಪೇನೂ ಇಲ್ಲ. ಆದರೆ ನಿಮ್ಮನ್ನು ಹಮಾಲರೆಲ್ಲರ ಎದುರು ಗಾಡಿಯಲ್ಲಿ ಕೂರಿಸಿ, ನಡೆಸಿ ತೋರಿಸಿ ಎಂದು ಯಾರಾದರೂ ಕೇಳಿದ್ದಾರೆಯೇ? ನಿಮಗೆ ಡ್ರೈವರ್ ಬಂದರೆ ಅದು ಸೌಕರ್ಯ, ಅವಳಿಗೆ ಒಂದು ಗೇಣು ಬಟ್ಟೆ ಬೇಕಾದರೆ ಅದು ದಡ್ಡತನ. ಇದು ಯಾವ ಸಾಲೆಯ ಲೆಕ್ಕ?

ಇನ್ನು ಕೆಲವು ಸಜ್ಜನರಿದ್ದಾರೆ. ಇಂಥವರಿಗೆ ದೇವರು ಬೇರೆ ಏನೋ ದೊಡ್ಡ ಶಕ್ತಿ ಕೊಟ್ಟಿರುತ್ತಾನೆ, ಅದನ್ನು ತೋರಿಸಲಿ ಎನ್ನುತ್ತಾರೆ. ಏಕೆ ತೋರಿಸಬೇಕು? ನಿಮ್ಮ ಗುಮಾಸ್ತರಲ್ಲಿ ಯಾವ ಶಕ್ತಿ ಕಂಡು ಇಟ್ಟುಕೊಂಡಿದ್ದೀರಿ? ಮುಬೀನಾ ಪವಾಡದವಳಲ್ಲ. ವೇಳೆಗೆ ಬರುತ್ತಾಳೆ, ಹಮಾಲರ ಮೇಲೆ ಹಾರಾಡುವುದಿಲ್ಲ, ಬಾಯಿಬಿಟ್ಟು ಹೇಳಿದ ಕೆಲಸ ಮುಗಿಸಿ ಮನೆಗೆ ಬರುತ್ತಾಳೆ. ದುಡಿಯುವವರಿಗೆ ಇಷ್ಟು ಸಾಲದೆ?

ನಾನು ಅಗರಖೇಡದ ಸಾಲೆಯಲ್ಲಿ ಎರಡನೆಯ ಇಯತ್ತೆಗೇ ಪಾಟಿ ಕೆಳಗಿಟ್ಟು ಓದು ಬಿಟ್ಟವಳು. ಈ ಪತ್ರದ ಕಾಗುಣಿತ ತಿದ್ದಿದವಳು ನೆರೆಮನೆಯ ಸಂಪದಾ ಟೀಚರ್. ಬೈಗುಳ ಪೂರ್ತಿ ನನ್ನದು. ಅವಳ ಸಹಾಯ ಪಡೆದದ್ದರಿಂದ ನನ್ನ ಸಿಟ್ಟೇನೂ ಸುಳ್ಳಾಗಲಿಲ್ಲ, ನೋಡಿ.

ಆದ್ದರಿಂದ ಆ ಪರೀಕ್ಷೆ ಕಿತ್ತುಹಾಕಿ. ನಿಮ್ಮ ಚೀಟಿ ಇರಲಿ, ಪಕ್ಕದಲ್ಲಿ ಚಿಂದಿಯೂ ಇರಲಿ. ಕೆಲಸವನ್ನು ಬಾಯಲ್ಲಿ ಹೇಳಿ. ಸ್ಟೂಲನ್ನು ನಿಮ್ಮ ಕೋಣೆಗೇ ಒಯ್ಯಿರಿ. ಬರುವ ತಿಂಗಳು ಹುಟ್ಟುವ ಮೊದಲು ನನಗೆ ಉತ್ತರ ಬೇಕು. ಅದನ್ನು ಕಾಗದದಲ್ಲಿ ಕಳಿಸಬೇಡಿ. ಅವಳನ್ನು ಓದಲು ನಿಲ್ಲಿಸಿದ ಜಾಗದಲ್ಲೇ ನಿಂತು, ಅವತ್ತು ನಕ್ಕವರೆಲ್ಲರ ಎದುರು, ಮುಬೀನಾಗೆ ಕೇಳುವಂತೆ ಗಟ್ಟಿಯಾಗಿ ಹೇಳಿ.

ಇಂತಿ,
ನಿಮ್ಮ ಪರೀಕ್ಷೆಗೆ ಕೂತರೆ ಮೊಮ್ಮಗಳಿಗಿಂತ ಮೊದಲು ಫೇಲಾಗುವ
ರಾಜಬಿ, ಅಗರಖೇಡ