ರುಹಿಯ ಕೈ ತಿದ್ದುವ ಬಗ್ಗೆ

ಬೆಟಗೇರಿ

ಮುದಕಪ್ಪ ಮಾಸ್ತರರಿಗೆ ಮುಮ್ತಾಜ ಮಾಡುವ ಸಲಾಮು.

ನನ್ನ ಮೊಮ್ಮಗಳು ರುಹಿಗೆ ನೀವು ನಿಮ್ಮ ಕಂಪ್ಯೂಟರಿನ ಅಚ್ಚು ಮಷಿನ್ನಿನಲ್ಲಿ ಮಾಡಿಕೊಟ್ಟ ಪ್ಲಾಸ್ಟಿಕ್ ಕೈ ಬಹಳ ಚೆಂದ ಕೆಲಸ ಮಾಡುತ್ತದೆ. ನನ್ನ ತಕರಾರೇ ಅದು.

ಕರೆಂಟ್ ಮಗ್ಗ ಬಲಗೈ ನುಂಗಿದ ಮೇಲೆ ಆಕೆ ಮಗ್ಗದ ಕೆಲಸ ಬಿಟ್ಟು ಶಾಲೆಗೆ ಹೋಗುತ್ತಿದ್ದಳು. ಮೊನ್ನೆ ಹೊಸ ಕೈಯ ಖುಷಿಗೆ ಆ ಹುಚ್ಚು ಹುಡುಗಿ, ಹರಿದ ನೂಲು ಹಿಡಿದು ಗಂಟು ಹಾಕಿ ಅಪ್ಪನಿಗೆ ತೋರಿಸಿದಳು. ನನ್ನ ಮಗ ಶಾಕೀರ, "ಸೋಮವಾರದಿಂದ ಮತ್ತ ಮಗ್ಗಕ್ಕ ಬಾ" ಎಂದ.

"ಲೇ, ಒಂದು ಕೈ ತಿನ್ನಿಸಿದ್ದು ಸಾಲಲಿಲ್ಲೇನು?" ಎಂದೆ.

"ಸುಮ್ನ ಕುಂಡ್ರಬೇ. ಈ ಕೈ ಹೋದ್ರ ಮಾಸ್ತರ ಇನ್ನೊಂದು ಮಾಡಿಕೊಡ್ತಾರ."

ಅದೂ ಖರೆ. ನಿನ್ನೆ ಅದರ ಬೆರಳು ನಾನು ಹೇಳಿ ಕಳಿಸಿದಂಗ ಬಿದ್ದು ಮುರಿದದ್ದಲ್ಲ. ಮಸಾಲೆ ಅರೆಯುವ ಗುಂಡಿನಿಂದ ನಾನೇ ಜಜ್ಜಿದ್ದೆ. ನೀವು ಸಂಜೆಯೊಳಗೆ ಹೊಸ ಬೆರಳು ಕಳಿಸಿದಿರಿ. ನಿಮ್ಮ ಒಳ್ಳೆಯತನಕ್ಕಿಷ್ಟು ಬೆಂಕಿ ಹಚ್ಚ.

ಈ ಕೈಯ ನಕ್ಷೆ ಒಬ್ಬರ ಸ್ವತ್ತಲ್ಲ, ಬೇಕಾದವರು ಬೇಕಾದಂಗ ತಿದ್ದಿಕೊಳ್ಳಬಹುದು ಎಂದು ನೀವೇ ಹೇಳಿದ್ದಿರಿ. ಹಾಗಾದರೆ ನನಗೊಮ್ಮೆ ತಿದ್ದಿಕೊಡಿರಿ. ಬೆರಳ ತುದಿ ದಪ್ಪಗೆ, ಮೊಂಡಾಗಿ ಮಾಡಿರಿ. ಪೆನ್ನು ಹಿಡಿಯಲಿ, ರೊಟ್ಟಿ ಮುರಿಯಲಿ. ನೂಲು ಮಾತ್ರ ಸಿಗಬಾರದು. ಶಾಕೀರ ಕೇಳಿದರೆ, ಈ ಕೈಯಿಂದ ಇಷ್ಟೇ ಆಗುವುದು ಎನ್ನಿರಿ.

ರುಹಿ ಅಳುತ್ತಾಳೆ, ನಿಮ್ಮನ್ನೂ ಬೈಯುತ್ತಾಳೆ. ಬೈಸಿಕೊಳ್ಳಿರಿ.

ಸೋಮವಾರದೊಳಗೆ ಕಳಿಸಿರಿ. ನೂಲು ಹಿಡಿಯುವುದು ನಿಮ್ಮ ಕೈ; ಗಂಟು ಹಾಕಲು ಆಕೆ ಮಗ್ಗದೊಳಗೆ ಚಾಚುವುದು ಎಡಗೈಯನ್ನು.

ರುಹಿಯ ಅಜ್ಜಿ,
ಮುಮ್ತಾಜ